ಬರ್ಕ್ ಅವರೇ, ಆ ಕೊನೆಯ ಸಹಿ ಧಣಿಯ ಕೈಯಲ್ಲಿ ಬೇಡ

ಮಾನ್ಯ ಟೋನಿ ಬರ್ಕ್ ಅವರಿಗೆ,
ಗೃಹ ವ್ಯವಹಾರ ಮತ್ತು ವಲಸೆ ಸಚಿವರು, ಆಸ್ಟ್ರೇಲಿಯಾ ಸರ್ಕಾರ, ಕ್ಯಾನ್‌ಬೆರಾ



ನಾನು ಪಶ್ಚಿಮ ಸಿಡ್ನಿಯಲ್ಲಿ ತೆರಿಗೆ ರಿಟರ್ನ್ ಮಾಡಿಕೊಟ್ಟು ಬದುಕುವವನು. ವಲಸೆ ಏಜೆಂಟನಲ್ಲ, ವಕೀಲನೂ ಅಲ್ಲ. ಹಾಗಾಗಿ ವೀಸಾ ವಿಷಯದಲ್ಲಿ ಯಾರಿಗೂ ಸಲಹೆ ಕೊಡಲು ನಿಮ್ಮ ಕಾನೂನು ನನ್ನನ್ನು ಬಿಡುವುದಿಲ್ಲ. ಸಚಿವರಿಗೆ ಸಲಹೆ ಕೊಡಬಾರದೆಂದು ಅದರಲ್ಲಿ ಬರೆದಿಲ್ಲವೆಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಜುಲೈಯಿಂದ ಅಕ್ಟೋಬರ್ ಕೊನೆಯವರೆಗೆ ನನ್ನ ಮೇಜಿನ ಎದುರು ಬಂದು ಕೂರುವವರಲ್ಲಿ ಬಹಳ ಮಂದಿ ಕೆಲಸ ಕೊಡುವ ಧಣಿಯ ಮೂಲಕ ಸಿಗುವ ಸ್ಪಾನ್ಸರ್ ವೀಸಾದವರು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು, ಮಂಗಳೂರಿನ ನರ್ಸ್‌ಗಳು, ಪಂಜಾಬಿನ ಮೆಕ್ಯಾನಿಕ್‌ಗಳು, ಕುಂದಾಪುರ ಕಡೆಯ ಅಡುಗೆಯವರು. ಸಾಫ್ಟ್‌ವೇರಿನವರ ವಿಷಯ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅವರಿಗೆ ದೊಡ್ಡ ಕಂಪನಿ, ಕಂಪನಿಗೊಬ್ಬ ವಕೀಲ, ಬೇಡವೆಂದರೆ ಇನ್ನೊಂದು ಕಂಪನಿ. ನನ್ನ ಮಾತು ಮುಖ್ಯವಾಗಿ ಅಡುಗೆಮನೆ, ಗ್ಯಾರೇಜು, ವೃದ್ಧಾಶ್ರಮಗಳಲ್ಲಿ ದುಡಿಯುವವರ ಬಗ್ಗೆ.

ಹೋದ ತೆರಿಗೆ ಹಂಗಾಮಿನಲ್ಲಿ ಒಬ್ಬ ಅಡುಗೆಯವರು ಬಂದಿದ್ದರು. ಅವರ ಹೆಸರು ಬೇಡ, ರೆಸ್ಟೋರೆಂಟಿನ ಹೆಸರೂ ಬೇಡ. ಚಾಕು, ಶೂ, ಏಪ್ರನ್ನಿನ ಖರ್ಚು ತೋರಿಸಲೆಂದು ಫೋನಿನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದರು. ಎರಡು ವಾರಕ್ಕೊಮ್ಮೆ ಗುರುವಾರ ಸಂಬಳ ಜಮಾ, ತೆರಿಗೆ ಕಳೆದು 2,200 ಡಾಲರ್ ಚಿಲ್ಲರೆ. ಮರುದಿನ ಶುಕ್ರವಾರ ಎಟಿಎಂನಿಂದ 600 ಡಾಲರ್ ಹೊರಗೆ. ಮುಂದಿನ ಸಂಬಳ, ಅದರ ಮರುದಿನ ಮತ್ತೆ 600. ಬೆರಳಿನಿಂದ ಸರಿಸಿದಷ್ಟೂ ಅದೇ ಜೋಡಿ ಸಾಲು. ಬಾಡಿಗೆಯೋ ಎಂದು ಕೇಳಿದೆ. ಬಾಡಿಗೆ ಬೇರೆ ಕಡೆ ಇತ್ತು. ಊರಿಗೆ ಕಳಿಸಿದ್ದೋ ಎಂದೆ. ಅದಕ್ಕೂ ಬೇರೆ ಸಾಲಿತ್ತು. ಅವರು ಫೋನನ್ನು ಮೆಲ್ಲಗೆ ಜೇಬಿಗಿಳಿಸಿ, “ಪಿಆರ್ ಒಂದ್ ಆಯ್ಲಿ ಮಾರಾಯ್ರೆ, ಮತ್ತ್ ಕಾಂಬ” ಎಂದರು. ಪಿಆರ್ ಎಂದರೆ ಕಾಯಂ ವಾಸದ ವೀಸಾ.

ಸಂಬಳದ ಒಂದು ಪಾಲು ನಗದಾಗಿ ಧಣಿಗೆ ವಾಪಸ್ ಹೋಗುವ ಇದಕ್ಕೆ ಇಲ್ಲಿ ಕ್ಯಾಶ್‌ಬ್ಯಾಕ್ ಎನ್ನುತ್ತಾರೆ. ಕಾಗದದ ಮೇಲೆ ಎಲ್ಲವೂ ಸರಿ. 2024ರ ಜುಲೈಯಿಂದ ಒಂದು ವರ್ಷ ಸ್ಪಾನ್ಸರ್ ವೀಸಾಕ್ಕೆ ಕನಿಷ್ಠ ಸಂಬಳ 73,150 ಡಾಲರ್ ಇತ್ತು. ಪೇಸ್ಲಿಪ್‌ನಲ್ಲಿ ಅಷ್ಟೂ ಇತ್ತು. ಸೂಪರ್‌ಆನ್ಯುಯೇಷನ್ ಕಟ್ಟಿದ್ದರು. ತೆರಿಗೆ ಹಿಡಿದಿದ್ದರು. ವರ್ಷಕ್ಕೆ 26 ಸಂಬಳ, 26 ಬಾರಿ 600, ಅಂದರೆ 15,600 ಡಾಲರ್ ಬಂದ ದಾರಿಯಲ್ಲೇ ಧಣಿಯ ಕೈಗೆ ವಾಪಸ್. ನನ್ನ ವೃತ್ತಿಯವನ ಕಣ್ಣಿಗೆ ಹೆಚ್ಚು ಚುಚ್ಚುವ ಸಂಗತಿ ಇನ್ನೊಂದಿದೆ. ತಾನು ವಾಪಸ್ ಕೊಟ್ಟ ಹಣಕ್ಕೂ ಈ ಮನುಷ್ಯ ನಿಮ್ಮ ಸರ್ಕಾರಕ್ಕೆ ತೆರಿಗೆ ಕಟ್ಟಿದ್ದಾರೆ. ಅದನ್ನು ಕಳೆದು ತೋರಿಸಲು ಯಾವ ಫಾರಂನಲ್ಲೂ ಜಾಗವಿಲ್ಲ.

ನಿಮಗೇ ಯಾಕೆ ಬರೆಯುತ್ತಿದ್ದೇನೆಂದರೆ, 2022ರಿಂದ 2024ರ ಜುಲೈವರೆಗೆ ನೀವು ಉದ್ಯೋಗ ಮತ್ತು ಕಾರ್ಮಿಕ ಸಂಬಂಧಗಳ ಸಚಿವರಾಗಿದ್ದಿರಿ. ಬೇಕೆಂದೇ ಸಂಬಳ ಹೊಡೆಯುವುದನ್ನು ಜೈಲು ಶಿಕ್ಷೆಯ ಅಪರಾಧವಾಗಿಸಿದ ಕಾನೂನು ನಿಮ್ಮ ಕಾಲದ್ದು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. 10 ವರ್ಷದವರೆಗೆ ಶಿಕ್ಷೆ ಕೊಡಬಹುದು. ಆ ಕಾನೂನು ತಂದವರ ಕೈಗೇ ಆಮೇಲೆ ವೀಸಾ ಇಲಾಖೆಯೂ ಬಂತು. ನೀವು ಪ್ರತಿನಿಧಿಸುವ ವಾಟ್ಸನ್ ಕ್ಷೇತ್ರ ಸಿಡ್ನಿಯ ನೈಋತ್ಯದಲ್ಲೇ ಇದೆ, ಲಕೆಂಬಾದ ಅಂಗಡಿ ಬೀದಿಗಳ ಸುತ್ತಮುತ್ತ. ಕ್ಯಾಶ್‌ಬ್ಯಾಕ್ ಎಂದರೇನೆಂದು ನಿಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ನಿಮ್ಮ ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. 1996ರಲ್ಲಿ 457 ಎಂಬ ಸ್ಪಾನ್ಸರ್ ವೀಸಾ ಬಂದಾಗಿನಿಂದ ನೋಡಿದರೆ ಈ ಕೆಲವು ವರ್ಷಗಳಲ್ಲಿ ಆದಷ್ಟು ಬದಲಾವಣೆ ಮೊದಲು ಆಗಿರಲಿಲ್ಲ. 2017ರಲ್ಲಿ ಟರ್ನ್‌ಬುಲ್ ಸರ್ಕಾರ 457 ಅನ್ನು ರದ್ದು ಮಾಡುವುದಾಗಿ ಸಾರಿ, ಪಟ್ಟಿಯನ್ನು ಎರಡಾಗಿ ಒಡೆದು, ಅಡುಗೆಯವರಂಥ ಎಷ್ಟೋ ಕೆಲಸದವರನ್ನು ಪಿಆರ್ ದಾರಿಯೇ ಇಲ್ಲದ ಕಿರು ಅವಧಿಯ ಪಟ್ಟಿಗೆ ತಳ್ಳಿತು. ಸ್ಪಾನ್ಸರ್ ವೀಸಾದ ಕನಿಷ್ಠ ಸಂಬಳ 2013ರಿಂದ 2023ರವರೆಗೆ ಹತ್ತು ವರ್ಷ 53,900 ಡಾಲರಿನಲ್ಲೇ ನಿಂತಿತ್ತು. ಅಷ್ಟರಲ್ಲಿ ಸಿಡ್ನಿಯ ಬಾಡಿಗೆ ಎಲ್ಲಿಗೆ ಏರಿತೆಂದು ಬಾಡಿಗೆ ಮನೆಯವರೆಲ್ಲ ಬಲ್ಲರು. ವಲಸೆ ವ್ಯವಸ್ಥೆಯನ್ನು ಪರಿಶೀಲಿಸಿದ ಮಾರ್ಟಿನ್ ಪಾರ್ಕಿನ್‌ಸನ್ ಸಮಿತಿಯ 2023ರ ವರದಿ, ಜನರನ್ನು ಶಾಶ್ವತವಾಗಿ ತಾತ್ಕಾಲಿಕರನ್ನಾಗಿ ಇಡುವ ವ್ಯವಸ್ಥೆ ಇದೆಂದು ನೇರವಾಗಿಯೇ ಹೇಳಿತು. ಅದೇ ವರ್ಷ ಕನಿಷ್ಠ ಸಂಬಳ 70,000ಕ್ಕೆ ಏರಿತು. ನವೆಂಬರಿನಲ್ಲಿ ಕಿರು ಪಟ್ಟಿಯವರಿಗೂ ಪಿಆರ್ ಬಾಗಿಲು ತೆರೆಯಿತು, ಮೂರು ವರ್ಷದ ಕಾಯುವಿಕೆ ಎರಡಕ್ಕಿಳಿಯಿತು. 2024ರ ಜುಲೈ 1ರಿಂದ ಕೆಲಸ ಬಿಟ್ಟವರಿಗೆ ಹೊಸ ಸ್ಪಾನ್ಸರ್ ಹುಡುಕಲು 60 ದಿನದ ಬದಲು 180 ದಿನ ಸಿಕ್ಕಿತು. ಡಿಸೆಂಬರ್ 7ರಿಂದ, ಯಾವ ಅನುಮೋದಿತ ಸ್ಪಾನ್ಸರ್ ಬಳಿ ದುಡಿದರೂ ಆ ದಿನಗಳು ಎರಡು ವರ್ಷದ ಲೆಕ್ಕಕ್ಕೆ ಸೇರುತ್ತವೆ.

ಈ ಕಡೆಯ ಬದಲಾವಣೆ ಚಿಕ್ಕದಲ್ಲ. ನಮ್ಮ ಕರಾವಳಿಯ ಹುಡುಗರು ಹೊಟ್ಟೆಪಾಡಿಗೆ ಹೋಟೆಲ್ ಸೇರುವುದು ಹೊಸದೇನಲ್ಲ. ಅವರ ಅಜ್ಜಂದಿರು ಮುಂಬೈಗೆ ಹೋದರು. ಹಗಲು ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಅಲ್ಲಿನ ಧಣಿಗಳೆಲ್ಲ ದೇವರಂಥವರೇನೂ ಆಗಿರಲಿಲ್ಲ. ಆದರೆ ಮಾಟುಂಗಾದ ಧಣಿ ಕೈ ಎತ್ತಿದರೆ ಹುಡುಗ ರಾತ್ರೋರಾತ್ರಿ ಟ್ರಂಕು ಹೊತ್ತು ಫೋರ್ಟ್ ಕಡೆಯ ಹೋಟೆಲಿಗೆ ಹೋಗಬಹುದಿತ್ತು, ಬೆಳಿಗ್ಗೆ ಅಲ್ಲಿ ದೋಸೆ ಹುಯ್ಯಬಹುದಿತ್ತು. ಹಳೆಯ ಧಣಿಯ ಅಪ್ಪಣೆ ಬೇಕಿರಲಿಲ್ಲ. ಸಿಡ್ನಿಯಲ್ಲಿ ಅವರ ಮೊಮ್ಮಗನಿಗೆ ಆ ಸ್ವಾತಂತ್ರ್ಯದ ಅರ್ಧ ಭಾಗವನ್ನು ನೀವು ಕೊಟ್ಟಿದ್ದೀರಿ. ಉಳಿದರ್ಧ ಕೇಳಲು ಬಂದಿದ್ದೇನೆ.

ಎರಡು ವರ್ಷ ಮುಗಿದ ಮೇಲೆ ಏನಾಗುತ್ತದೆಂದು ನೋಡಿ. ಕೆಲಸಗಾರ ದುಡಿದಿದ್ದಾನೆ, ತೆರಿಗೆ ಕಟ್ಟಿದ್ದಾನೆ, ಪೊಲೀಸ್ ಸರ್ಟಿಫಿಕೇಟ್, ಇಂಗ್ಲಿಷ್ ಪರೀಕ್ಷೆ ಎಲ್ಲ ತಯಾರಿದೆ. ಆದರೂ ಪಿಆರ್ ಕೊಡುವ 186 ವೀಸಾಕ್ಕೆ ಅವನೇ ಅರ್ಜಿ ಹಾಕಿಕೊಳ್ಳಲು ಬರುವುದಿಲ್ಲ. ಧಣಿ ಮತ್ತೊಮ್ಮೆ ನಾಮಿನೇಷನ್ ಸಲ್ಲಿಸಬೇಕು. ಅದಕ್ಕೆ ಶುಲ್ಕವಿದೆ, ಜೊತೆಗೆ ಕೌಶಲ ನಿಧಿಯ ತೆರಿಗೆ: ಸಣ್ಣ ಉದ್ದಿಮೆಗೆ 3,000 ಡಾಲರ್, ದೊಡ್ಡದಕ್ಕೆ 5,000. ಇದನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಆ 600ರ ಸಾಲುಗಳು ಇನ್ನೇನನ್ನೋ ಹೇಳುತ್ತವೆ.

ನಾಮಿನೇಷನ್ ಹಾಕಿದ ಮೇಲಾದರೂ ಉಸಿರಾಡಬಹುದೇ? ಇಲ್ಲ. ಗ್ರಾಂಟ್ ಲೆಟರ್ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಅದರ ನಡುವೆ ಧಣಿ ನಾಮಿನೇಷನ್ ಹಿಂತೆಗೆದುಕೊಂಡರೆ ಅರ್ಜಿ ಬಿದ್ದುಹೋಗುತ್ತದೆ. ಕಟ್ಟಿದ ವೀಸಾ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಹೊಸ ಧಣಿ, ಹೊಸ ನಾಮಿನೇಷನ್, ಹೊಸ ಅರ್ಜಿ, ಹೊಸ ಶುಲ್ಕ. ಮೊದಲ ಎರಡು ವರ್ಷಕ್ಕಿಂತ ಈ ಕಾಯುವ ತಿಂಗಳುಗಳಲ್ಲೇ ಜನ ಹೆಚ್ಚು ಬಾಯಿ ಮುಚ್ಚಿಕೊಂಡಿರುತ್ತಾರೆ. ಇಷ್ಟು ವರ್ಷ ಎದುರು ಕೂತು ನೋಡಿ ಬಂದ ಅನಿಸಿಕೆ ಇದು. ಎರಡು ವಾರದ ರಜೆ ಕೇಳುವುದಿಲ್ಲ. ಭಾನುವಾರದ ಹೆಚ್ಚುವರಿ ಸಂಬಳ ಕೇಳುವುದಿಲ್ಲ. ತೀರಿಕೊಂಡ ತಂದೆಯ ಬೊಜ್ಜಕ್ಕೂ ಊರಿಗೆ ಹೋಗದ ಒಬ್ಬರನ್ನು ಬಲ್ಲೆ.

ವಯಸ್ಸಿನ ವಿಷಯ ಇದಕ್ಕಿಂತ ಕಟುವಾದದ್ದು. ಕೆಲವರಿಗೆ ವಿನಾಯಿತಿ ಇದೆ. ಉಳಿದವರೆಲ್ಲ ಅರ್ಜಿ ಹಾಕುವ ದಿನ 45 ತುಂಬಿರಬಾರದು. 44ನೇ ವಯಸ್ಸಿನಲ್ಲಿ ಅರ್ಜಿ ಹಾಕಿ ಕಾಯುತ್ತಿರುವವನಿಗೆ 45 ತುಂಬಿದ ದಿನದಿಂದ ಧಣಿ ಏನು ಹೇಳಿದರೂ ಕೇಳಬೇಕಾದ ಸ್ಥಿತಿ. ಈ ಅರ್ಜಿ ಬಿದ್ದರೆ ಇನ್ನೊಂದನ್ನು ಹಾಕುವ ವಯಸ್ಸೇ ಇರುವುದಿಲ್ಲ. ಇದು ಧಣಿಗೂ ಗೊತ್ತು. ಪಾಸ್‌ಪೋರ್ಟಿನ ನಕಲು ಅವನ ಫೈಲಿನಲ್ಲೇ ಇದೆಯಲ್ಲ.

ಇದಕ್ಕೆ ಪರಿಹಾರವನ್ನು ನಾನು ಹೊಸದಾಗಿ ಹುಡುಕಿಲ್ಲ. ನಿಮ್ಮದೇ ನಿಯಮಾವಳಿಯಲ್ಲಿ ಅದು ಇದೆ, ಸಿಡ್ನಿಯಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ. ವೊಲಂಗಾಂಗ್ ನಿಮ್ಮ ಇಲಾಖೆಯ ಲೆಕ್ಕದಲ್ಲಿ ಪ್ರಾದೇಶಿಕ ಊರು. ಅಲ್ಲಿನ ರೆಸ್ಟೋರೆಂಟ್ ಒಂದು ಅಡುಗೆಯವರನ್ನು 494 ವೀಸಾದಲ್ಲಿ ಸ್ಪಾನ್ಸರ್ ಮಾಡಿಕೊಳ್ಳಬಹುದು. ಅವರು ಮೂರು ವರ್ಷ ಷರತ್ತು ಮೀರದೆ ದುಡಿದು, ತೆರಿಗೆ ಇಲಾಖೆ ಕೊಡುವ ಮೂರು ವರ್ಷದ ನೋಟಿಸ್ ಆಫ್ ಅಸೆಸ್‌ಮೆಂಟ್ ಇಟ್ಟುಕೊಂಡು, ಪಿಆರ್ ಕೊಡುವ 191 ವೀಸಾಕ್ಕೆ ತಾವೇ ಅರ್ಜಿ ಹಾಕುತ್ತಾರೆ. ಧಣಿಯ ನಾಮಿನೇಷನ್ ಬೇಕಿಲ್ಲ, ಅವನ ಅಪ್ಪಣೆಯೂ ಬೇಕಿಲ್ಲ. ಅದೇ ಸಾಂಬಾರು, ಅದೇ ಒಲೆ. ವೊಲಂಗಾಂಗಿನಲ್ಲಿ ತೆರಿಗೆ ಕಾಗದವನ್ನು ನಂಬುವ ಸರ್ಕಾರ ಸಿಡ್ನಿಯ ಪ್ಯಾರಾಮಟ್ಟಾದಲ್ಲಿ ಮಾತ್ರ ಧಣಿಯ ಸಹಿ ಕೇಳುವುದು ಯಾಕೆ? 191ಕ್ಕೆ ಅರ್ಜಿಗಳು 2022ರ ನವೆಂಬರಿನಿಂದ ಬರುತ್ತಿವೆ. ಅದರಿಂದ ಆಕಾಶವೇನೂ ಕಳಚಿ ಬಿದ್ದಿಲ್ಲ.

ಎರಡು ವರ್ಷ ಸ್ಪಾನ್ಸರ್ ಬಳಿ ದುಡಿದವರು 186ಕ್ಕೂ ಹೀಗೆಯೇ ತಾವೇ ಅರ್ಜಿ ಹಾಕುವಂತಾಗಲಿ. ನನ್ನ ಬೇಡಿಕೆ ಇದೊಂದೇ.

ನಿಮ್ಮ ಅಧಿಕಾರಿಗಳು ಏನೆನ್ನುತ್ತಾರೆಂದು ಊಹಿಸಬಲ್ಲೆ. ಕೆಲಸ ನಿಜವಾದದ್ದೋ ಎಂದು ತಿಳಿಯಲು ನಾಮಿನೇಷನ್ ಬೇಕು ಎನ್ನುತ್ತಾರೆ. ಆ ಪರೀಕ್ಷೆ ಮೊದಲ ವೀಸಾ ಕೊಡುವಾಗಲೇ ಆಗಿರುತ್ತದೆ. ಆಮೇಲೆ ಪ್ರತಿ ಸಂಬಳದ ದಿನ ಸಿಂಗಲ್ ಟಚ್ ಪೇರೋಲ್ ಮೂಲಕ ಲೆಕ್ಕ ತೆರಿಗೆ ಇಲಾಖೆಗೆ ಹೋಗುತ್ತದೆ. ವೀಸಾದವರ ವಿವರಗಳನ್ನು ನಿಮ್ಮ ಇಲಾಖೆಯೂ ತೆರಿಗೆ ಇಲಾಖೆಯೂ ತಾಳೆ ನೋಡುವ ಏರ್ಪಾಡೂ ಇದೆ. ಧಣಿಯ ಸಹಿಗಿಂತ ಗಟ್ಟಿಯಾದ ಸಾಕ್ಷಿ ಸರ್ಕಾರದ ಕಂಪ್ಯೂಟರಿನಲ್ಲೇ ಕೂತಿದೆ.

ಪಿಆರ್ ಸಿಕ್ಕ ಮರುದಿನ ಕೆಲಸ ಬಿಟ್ಟು ಓಡುತ್ತಾರೆ ಎಂಬುದು ಧಣಿಗಳ ಗೋಳು. ಪಿಆರ್ ಬಂದ ಮೇಲೆ ಅದೇ ಜಾಗದಲ್ಲಿ ಇರಲೇಬೇಕೆಂಬ ಷರತ್ತು 186 ವೀಸಾದಲ್ಲಿ ಈಗಲೂ ಇಲ್ಲ. ಒಳ್ಳೆಯ ಧಣಿಗಳ ಬಳಿ ಜನ ಉಳಿಯುತ್ತಾರೆ. ಹಾಗೆ ಉಳಿದವರ ರಿಟರ್ನ್‌ಗಳನ್ನೂ ನಾನೇ ಮಾಡುತ್ತೇನೆ. ಒಂದು ಕಾಲದಲ್ಲಿ ತಾವೇ 457ರಲ್ಲಿ ಬಂದು, ಈಗ ನಾಲ್ಕು ಜನಕ್ಕೆ ಸ್ಪಾನ್ಸರ್ ಮಾಡಿ, ಒಂದು ಸೆಂಟೂ ಮುಟ್ಟದ ಹೋಟೆಲಿನವರೂ ಇದ್ದಾರೆ. ಅವರಿಗೆ ಈ ಬದಲಾವಣೆಯಿಂದ ಏನೂ ನಷ್ಟವಿಲ್ಲ. ಇನ್ನೊಂದು ಮಾತು, ಹೇಳಲು ಕಸಿವಿಸಿ: ಶುಕ್ರವಾರ ಕೈಯೊಡ್ಡಿ 600 ತೆಗೆದುಕೊಳ್ಳುವವನು ಎಷ್ಟೋ ಸಲ ನಮ್ಮವನೇ, ನಮ್ಮ ಭಾಷೆಯವನೇ. ಯುಗಾದಿ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕೂತು, “ಏನಪ್ಪಾ, ಪಿಆರ್ ಆಯ್ತಾ?” ಎಂದು ಊರವರ ಮಕ್ಕಳನ್ನೆಲ್ಲ ವಿಚಾರಿಸುವವನೂ ಅವನೇ ಇರಬಹುದು.

ನಾನು ಕೇಳುವುದರಿಂದ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆಯೂ ನನಗಿಲ್ಲ. ಮೊದಲ ಸ್ಪಾನ್ಸರ್‌ಶಿಪ್ ಅನ್ನೇ ಮಾರುವ ದಂಧೆ ಇದರಿಂದ ನಿಲ್ಲುವುದಿಲ್ಲ. 2015ರ ಡಿಸೆಂಬರಿನಿಂದ ಅದು ಅಪರಾಧವಾಗಿದ್ದರೂ ನಿಂತಿಲ್ಲ. ತೆರಿಗೆ ಕಾಗದದಲ್ಲಿ ಕ್ಯಾಶ್‌ಬ್ಯಾಕ್ ಕಾಣುವುದಿಲ್ಲವೆಂಬುದೂ ನಿಜ, ನನ್ನ ಎದುರು ಕೂತಿದ್ದವರ ಕಾಗದಗಳೆಲ್ಲ ಚೊಕ್ಕವಾಗಿಯೇ ಇದ್ದವು. ಆದರೆ ಆ 600 ಯಾಕೆ ಹೋಗುತ್ತಿದೆ ಎಂದು ಕೇಳಿಕೊಳ್ಳಿ. ಮುಂದೊಂದು ದಿನ ಸಿಗಬೇಕಾದ ನಾಮಿನೇಷನ್ನಿನ ಕಂತು ಅದು. ನಾಮಿನೇಷನ್ನೇ ಬೇಡವೆಂದಾದರೆ ಧಣಿ ಯಾವುದರ ಹೆಸರಿನಲ್ಲಿ ಕಂತು ಕೇಳುತ್ತಾನೆ? ದೂರು ಕೊಡಿ ಎಂದು ನೀವು ಕರೆಯುತ್ತೀರಿ, ದೂರು ಕೊಟ್ಟವರು ಇಲ್ಲೇ ಇದ್ದು ಹೋರಾಡಲೆಂದು 2024ರಲ್ಲಿ ಒಂದು ತಾತ್ಕಾಲಿಕ ವೀಸಾವನ್ನೂ ತಂದಿರಿ. ಒಳ್ಳೆಯದೇ. ಆದರೆ ಪಿಆರ್‌ಗೆ ಆರು ತಿಂಗಳು ಬಾಕಿ ಇರುವವನು ಇನ್ನೊಂದು ತಾತ್ಕಾಲಿಕ ವೀಸಾ ನಂಬಿಕೊಂಡು ದೂರು ಬರೆಯುತ್ತಾನೆಯೇ? ನೀವಾದರೂ ಅವನ ಜಾಗದಲ್ಲಿ ಬರೆಯುತ್ತಿದ್ದಿರಾ?

ಇದಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆ ತರಬೇಕಾಗಿಲ್ಲ. ವೀಸಾದ ಷರತ್ತುಗಳು ಇರುವುದು 1994ರ ವಲಸೆ ನಿಯಮಾವಳಿಯಲ್ಲಿ. ಅದಕ್ಕೊಂದು ತಿದ್ದುಪಡಿ ಸಾಕು. ಅಷ್ಟೂ ಒಮ್ಮೆಲೇ ಆಗದೆಂದರೆ ಮೊದಲು ಎರಡು ಚಿಕ್ಕ ಕೆಲಸ ಮಾಡಿ. 186 ಅರ್ಜಿ ಸಲ್ಲಿಕೆಯಾದ ಮೇಲೆ ಧಣಿ ಹಿಂದೆ ಸರಿದರೆ ಅರ್ಜಿಯನ್ನು ತಿರಸ್ಕರಿಸಬೇಡಿ; ಇನ್ನೊಬ್ಬ ಸ್ಪಾನ್ಸರನ್ನು ತಂದು ಅದೇ ಅರ್ಜಿಗೆ ಸೇರಿಸಲು 180 ದಿನ ಕೊಡಿ. ಮತ್ತು ವಯಸ್ಸನ್ನು ಮೊದಲ ಅರ್ಜಿಯ ದಿನಕ್ಕೇ ನಿಲ್ಲಿಸಿ. ವಲಸೆ ನಿಯಮಗಳ ಬದಲಾವಣೆಗೆ ನಿಮ್ಮ ಇಲಾಖೆ ಎಷ್ಟೋ ಸಲ ಜುಲೈ 1ನ್ನೇ ಆರಿಸಿಕೊಳ್ಳುತ್ತದೆ. ಇವೆರಡನ್ನೂ ಬರುವ ಜುಲೈ 1ರ ಪಟ್ಟಿಗೆ ಸೇರಿಸಿ.

ಇತಿ ನಿಮ್ಮ ವಿಶ್ವಾಸಿ,
ಪಶ್ಚಿಮ ಸಿಡ್ನಿಯ ಒಬ್ಬ ತೆರಿಗೆ ಏಜೆಂಟ್