ಎರಡು ತೊಟ್ಟಿಯ ಯಂತ್ರ

ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಗೆಯುವುದಕ್ಕಿಂತ ಒಗೆದ ಬಟ್ಟೆಯನ್ನು ಒಣಗಿಸುವುದೇ ಕಷ್ಟ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಮಾಸ್ತಿಕಟ್ಟೆಗಳ ಮಳೆಯೂ ಅದಕ್ಕೆ ಹೆಚ್ಚು ಕಡಿಮೆಯಾದುದಲ್ಲ. ಜೂನ್ ತಿಂಗಳಲ್ಲಿ ಮರೆಯಾದ ಬಿಸಿಲು ಕೆಲವು ವರ್ಷ ಸೆಪ್ಟೆಂಬರಿನವರೆಗೂ ನೆಟ್ಟಗೆ ಮುಖ ತೋರುವುದಿಲ್ಲ. ಒದ್ದೆ ಬಟ್ಟೆಗಳು ಜಗಲಿಯಲ್ಲಿ, ಅಟ್ಟದಲ್ಲಿ, ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರಿನ ಗಳುಗಳಲ್ಲಿ ನೇತಾಡುತ್ತ, ಹೊಗೆಯ ವಾಸನೆಯನ್ನು ಹೀರಿಕೊಳ್ಳುತ್ತ ಮೂರು ನಾಲ್ಕು ದಿನ ಕಳೆಯುತ್ತವೆ. ಅರೆ ಒಣಗಿದ ಸಮವಸ್ತ್ರವನ್ನೇ ತೊಟ್ಟು ಮಕ್ಕಳು ಶಾಲೆಗೆ ಹೊರಡುವುದು ಅಲ್ಲಿ ಹೊಸ ಸಂಗತಿಯೇನಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಎಷ್ಟೋ ಮನೆಗಳವರು ಎರಡು ತೊಟ್ಟಿಯ ಹಳೆಯ ಬಗೆಯ ಬಟ್ಟೆ ಒಗೆಯುವ ಯಂತ್ರವನ್ನು ಬಿಟ್ಟುಕೊಡಲು ಒಪ್ಪದಿರುವುದಕ್ಕೆ ಈ ಮಳೆಯೇ ಮೊದಲ ಕಾರಣ. ಪೇಟೆಯ ಅಂಗಡಿಗಳಲ್ಲಿ ಗುಂಡಿ ಒತ್ತಿದರೆ ತಾನೇ ನೀರು ತುಂಬಿಕೊಂಡು, ಒಗೆದು, ಹಿಂಡಿ, ಕೆಲಸ ಮುಗಿಯಿತೆಂದು ಸದ್ದು ಮಾಡುವ ಯಂತ್ರಗಳು ಸಾಲಾಗಿ ನಿಂತಿವೆ. ಅವುಗಳ ನಡುವೆ ಹಳೆಯದನ್ನು ಮೆಚ್ಚುವವರನ್ನು ಕಾಲಕ್ಕೆ ಹೊಂದದವರೆಂದು ನಗುವವರೂ ಇದ್ದಾರೆ. ಆದರೆ ಈ ಮೆಚ್ಚುಗೆಯಲ್ಲಿ ಹಳೆಯದರ ಮೋಹಕ್ಕಿಂತ ಲೆಕ್ಕಾಚಾರವೇ ಹೆಚ್ಚು.

ಆ ಯಂತ್ರದ ಒಳಗೆ ಇರುವುದಾದರೂ ಏನು? ಒಂದು ತೊಟ್ಟಿಯ ತಳದಲ್ಲಿ ಏಣುಗಳುಳ್ಳ ಒಂದು ತಟ್ಟೆ. ಅದನ್ನು ಪಟ್ಟಿಯೊಂದರ ಮೂಲಕ ತಿರುಗಿಸುವ ಮೋಟಾರು. ತಟ್ಟೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುತ್ತಿಸುವುದು ಗಡಿಯಾರದಂತೆ ಕೀಲಿ ತಿರುಗಿಸಬೇಕಾದ ಒಂದು ಸಣ್ಣ ಸಾಧನ. ಪಕ್ಕದ ತೊಟ್ಟಿಯಲ್ಲಿ ತೂತುಗಳುಳ್ಳ ಡಬ್ಬ. ಅದಕ್ಕೆ ಬೇರೆಯೇ ಮೋಟಾರು. ಇದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಾಗ, ಮಕ್ಕಳು ನೆನೆದ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿಗಳು ಸಿಡಿಯುವಂತೆ, ಬಟ್ಟೆಯೊಳಗಿನ ನೀರು ತೂತುಗಳಿಂದ ಹೊರಕ್ಕೆ ಸಿಡಿದುಹೋಗುತ್ತದೆ. ಕೈಯಿಂದ ಎಷ್ಟು ಹಿಂಡಿದರೂ ತೊಟ್ಟಿಕ್ಕುವ ದಪ್ಪ ಹೊದಿಕೆ ಐದು ನಿಮಿಷದಲ್ಲಿ ಬರಿಯ ತೇವ ಉಳಿಸಿಕೊಂಡು ಹೊರಬರುತ್ತದೆ. ಕಲ್ಲಿನ ಮೇಲೆ ಕೈಯಾರೆ ಒಗೆದ ಬಟ್ಟೆಯನ್ನು ಇದರಲ್ಲಿ ಹಿಂಡಿಸಿ ತೆಗೆಯಲೂ ಅಡ್ಡಿಯಿಲ್ಲ. ಎರಡು ತೊಟ್ಟಿಗಳು ಒಂದನ್ನೊಂದು ಕಾಯಬೇಕಾಗಿಲ್ಲವೆಂಬುದು ಈ ರಚನೆಯ ದೊಡ್ಡ ಅನುಕೂಲ.

ತೋಟದ ಬಟ್ಟೆಗೂ ಈ ಯಂತ್ರಕ್ಕೂ ಇನ್ನೊಂದು ಹೊಂದಿಕೆಯಿದೆ. ಕೊಯ್ಲಿನ ಕಾಲದಲ್ಲಿ ಅಡಿಕೆಯ ಚೊಗರು ಹತ್ತಿದ ಬಟ್ಟೆ ಸುಲಭವಾಗಿ ಬಿಳಿಯಾಗದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಅಂಗಿಯನ್ನೆಲ್ಲ ನೀಲಿ ಮಾಡುತ್ತದೆ. (20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಸಿಂಪಡಣೆಯನ್ನು ಬಳಕೆಗೆ ತಂದುದರಿಂದ ತೋಟಗಳು ಉಳಿದವು, ಅಂಗಿಗಳ ಪಾಡನ್ನು ಯಾರೂ ಬರೆದಿಟ್ಟಿಲ್ಲ.) ಇಂಥ ಬಟ್ಟೆಯನ್ನು ಬೇರೆಯಾಗಿಯೇ, ಹೊತ್ತು ಬಿಟ್ಟು ನೆನೆಸಿ ಒಗೆಯಬೇಕು. ಬಚ್ಚಲ ಹಂಡೆಯಲ್ಲಿ ಹೇಗೂ ಬಿಸಿನೀರು ಇದ್ದೇ ಇರುತ್ತದೆ. ಮುಚ್ಚಳ ತೆರೆದು ಎರಡು ತಂಬಿಗೆ ಸುರಿದರಾಯಿತು. ಒಲೆಯ ಕೆಲಸವನ್ನು ವಿದ್ಯುತ್ತಿನಿಂದ ಮಾಡಿಸಬೇಕಾಗಿಲ್ಲ. ಒಳ್ಳೆಯ ಬಟ್ಟೆ ಒಗೆದು ಉಳಿದ ಸೋಪಿನ ನೀರಿನಲ್ಲೇ ತೋಟದ ಬಟ್ಟೆಯನ್ನೂ ಒಗೆಯಬಹುದು. ಹಿಂದೆ ಅಡಿಕೆಯ ದಬ್ಬೆಯಲ್ಲಿ, ಇಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಗುಡ್ಡದ ಮೇಲಿನಿಂದ ಇಳಿದುಬರುವ ನೀರಿನೊಡನೆ ತರಗಿನ ಚೂರು, ಮರಳು ಬಂದರೂ ಬಕೆಟ್ಟಿನಿಂದ ತುಂಬುವ ತೊಟ್ಟಿಗೆ ತೊಂದರೆಯಿಲ್ಲ. ತಾನೇ ನೀರೆಳೆದುಕೊಳ್ಳುವ ಯಂತ್ರದ ಸಣ್ಣ ಜಾಲರಿಯಾದರೋ ಅಷ್ಟಕ್ಕೇ ಕಟ್ಟಿಕೊಳ್ಳುತ್ತದೆ.

ಇನ್ನು ವಿದ್ಯುತ್ತಿನ ಮಾತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳು ಮುಳುಗಿದವು, ನಾಡಿಗೆಲ್ಲ ಬೆಳಕಾಯಿತು. ಆದರೂ ಆ ಸೀಮೆಯಲ್ಲಿ ಗಾಳಿಮಳೆಗೆ ಮರ ಉರುಳಿ ತಂತಿ ಹರಿದರೆ ಒಂಟಿ ಮನೆಗಳು ಕತ್ತಲಲ್ಲಿ ಕೂರಬೇಕಾಗುತ್ತದೆ. ಗುಡುಗು ಕೇಳಿದೊಡನೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ಅಲ್ಲಿನವರಿಗೆ ರೂಢಿ. ಸಿಡಿಲಿನ ಹೊಡೆತಕ್ಕೂ ವೋಲ್ಟೇಜಿನ ಏರಿಳಿತಕ್ಕೂ ಮೊದಲು ಬಲಿಯಾಗುವುದು ಹೊಸ ಯಂತ್ರದ ಮೆದುಳಿನಂತಿರುವ ಎಲೆಕ್ಟ್ರಾನಿಕ್ ಫಲಕ. ಅದು ಸುಟ್ಟರೆ ಮೋಟಾರು, ತೊಟ್ಟಿ, ಕೊಳವೆಗಳೆಲ್ಲ ಗಟ್ಟಿಮುಟ್ಟಾಗಿದ್ದರೂ ಯಂತ್ರ ಮಾತ್ರ ನಿರ್ಜೀವ. ಹಳೆಯ ಯಂತ್ರದಲ್ಲಿ ಸವೆಯುವುದು ಪಟ್ಟಿ, ಕೆಡುವುದು ಕೆಪಾಸಿಟರ್, ತುಂಡಾಗುವುದು ಬ್ರೇಕಿನ ತಂತಿ. ತೋಟದ ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸಬಲ್ಲವನಿಗೆ ಇವು ಅಪರಿಚಿತವಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹೇಳುವುದು ಸಲ್ಲದು. ಒಗೆದ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಹಾಕುವವರು ಬೇಕೇ ಬೇಕು, ಮತ್ತು ಆ ಕೆಲಸ ಬಹುತೇಕ ಮನೆಗಳಲ್ಲಿ ಹೆಂಗಸರ ಪಾಲಿಗೇ ಬರುತ್ತದೆ. ಸೊಂಟ ನೋವಿನ ವೃದ್ಧೆಗೆ ತಾನೇ ಎಲ್ಲವನ್ನೂ ಮಾಡುವ ಯಂತ್ರ ನಿಜವಾಗಿಯೂ ವರ. ಹಿಂಡುವ ಡಬ್ಬ ನಿಲ್ಲುವ ಮೊದಲೇ ಕೈಯಿಟ್ಟರೆ ಅಪಾಯ. 1858ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ ತಿರುಗುವ ಒಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಅದನ್ನು ತಿರುಗಿಸಬೇಕಾದುದು ಕೈಯೇ. ಅಲ್ಲಿಂದ ಇಲ್ಲಿಯವರೆಗಿನ ಪ್ರತಿಯೊಂದು ಸುಧಾರಣೆಯೂ ಯಾವುದೋ ಒಂದು ದೇಹದ ದಣಿವನ್ನು ತಗ್ಗಿಸಿದೆ. ಒಗೆಯುವ ಕಲ್ಲಿನ ಕಾಲವನ್ನು ಹಾಡಿ ಹೊಗಳುವವರು ಸಾಮಾನ್ಯವಾಗಿ ಅದರ ಮೇಲೆ ಕಂಬಳಿ ಒಗೆದವರಲ್ಲ.

ಆದುದರಿಂದ ಆಕ್ಷೇಪವಿರುವುದು ಜಾಣ ಯಂತ್ರದ ಮೇಲಲ್ಲ, ತೆರೆದು ನೋಡಲು ಬಿಡದ ಯಂತ್ರದ ಮೇಲೆ. ಬಿಡಿಭಾಗವೂ ರಿಪೇರಿಯ ಮಾಹಿತಿಯೂ ತಯಾರಕನ ಕೈಯಲ್ಲೇ ಉಳಿದರೆ, ಹಣ ಕೊಟ್ಟು ಕೊಂಡವನು ಯಂತ್ರಕ್ಕೆ ಒಡೆಯನಾಗುವುದು ಅದು ಕೆಡುವವರೆಗೆ ಮಾತ್ರ. ಈ ಪ್ರಶ್ನೆ ಈಗ ಸರ್ಕಾರಗಳನ್ನೂ ಮುಟ್ಟಿದೆ. ಭಾರತ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿತು. ಯುರೋಪಿನ ಒಕ್ಕೂಟ 2024ರಲ್ಲಿ ಅದಕ್ಕಾಗಿ ಶಾಸನವನ್ನೇ ಅಂಗೀಕರಿಸಿತು. ಭಾರತದ ಸಮಿತಿಯ ಗಮನಕ್ಕೆ ಬಂದ ಕ್ಷೇತ್ರಗಳಲ್ಲಿ ಗೃಹೋಪಯೋಗಿ ಸಾಮಗ್ರಿಗಳ ಜೊತೆಗೆ ಕೃಷಿ ಉಪಕರಣಗಳೂ ಸೇರಿವೆ. ಹೊಸನಗರದ ಒಂಟಿ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರವೂ ಬಚ್ಚಲಿನ ಪಕ್ಕದಲ್ಲಿ ಎರಡು ತೊಟ್ಟಿಯ ಯಂತ್ರವೂ ಒಂದೇ ಸ್ಪ್ಯಾನರಿಗೆ ಬಿಚ್ಚಿಕೊಳ್ಳುತ್ತಿರುವಾಗ, ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದದ್ದು ಅಲ್ಲಿನವರಿಗೆ ಆಶ್ಚರ್ಯವೆನಿಸಲಾರದು.