ಅಡ್ಜಸ್ಟ್: ಯಾರು, ಯಾವುದಕ್ಕೆ?

ಈ ಸಲದ ಪದ ಅಡ್ಜಸ್ಟ್. ಕನ್ನಡದ್ದೋ ಇಂಗ್ಲಿಷಿನದ್ದೋ ಅಂತ ಅನುಮಾನ ಬರುವಷ್ಟು ನಮ್ಮದಾಗಿ ಹೋಗಿರುವ ಕ್ರಿಯಾಪದ. 'ಸ್ವಲ್ಪ ಅಡ್ಜಸ್ಟ್ ಮಾಡಿ' ಅನ್ನೋ ಮಾತಿಲ್ಲದೆ ಬೆಂಗಳೂರಿನಲ್ಲಿ ಒಂದು ದಿನವೂ ಕಳೆಯೋದಿಲ್ಲ. ಆದರೆ ಇಂಗ್ಲಿಷ್ ವಾಕ್ಯದಲ್ಲಿ ಇದರ ನಡವಳಿಕೆ ಬೇರೆ. ನಮ್ಮ ಟೀಮಿನಲ್ಲಿ ಅರ್ಧಕ್ಕರ್ಧ ತೆಲುಗಿನವರೇ ಇರೋದರಿಂದ, ಅವರ ಭಾಷೆಯಲ್ಲಿ ಇದಕ್ಕೆ ಏನಂತಾರೆ ಅನ್ನೋದನ್ನೂ ಜೊತೆಗಿಟ್ಟುಕೊಂಡು ನೋಡೋಣ.

ಮೊದಲು ಮೂಲ. ಲ್ಯಾಟಿನ್ನಿನಲ್ಲಿ 'ಆಡ್' ಅಂದರೆ ಕಡೆಗೆ, 'ಯುಕ್ಸ್ಟಾ' ಅಂದರೆ ಹತ್ತಿರ. ಎರಡೂ ಸೇರಿ, ಫ್ರೆಂಚ್ ದಾರಿ ಹಿಡಿದು ಇಂಗ್ಲಿಷಿಗೆ ಬಂತು. ಅಂದರೆ ಹತ್ತಿರಕ್ಕೆ ತರೋದು. ಇಬ್ಬರ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂರೋ ನಮ್ಮ ಪದ್ಧತಿ ಮೂಲಾರ್ಥಕ್ಕೆ ಬಹಳ ನಿಷ್ಠವಾಗಿಯೇ ಇದೆ!

ಇಂಗ್ಲಿಷಿನಲ್ಲಿ ಮುಖ್ಯವಾಗಿ ಎರಡು ಬಳಕೆ. ಒಂದು, ಏನನ್ನು ಅಂತ ಹೇಳುವುದು: 'ಐ ಅಡ್ಜಸ್ಟೆಡ್ ದ ಮಿರರ್', ನಾನು ಕನ್ನಡಿ ಸರಿಮಾಡಿದೆ. ತೆಲುಗಿನಲ್ಲಿ 'ನೇನು ಅದ್ದಂ ಸರಿಚೇಶಾನು'. ಇನ್ನೊಂದು, 'ಟು' ಸೇರಿಸಿ ಯಾವುದಕ್ಕೆ ಅಂತ ಹೇಳುವುದು: 'ಶೀ ಅಡ್ಜಸ್ಟೆಡ್ ಟು ದ ನ್ಯೂ ಸಿಟಿ', ಅವಳು ಹೊಸ ಊರಿಗೆ ಹೊಂದಿಕೊಂಡಳು. ತೆಲುಗಿನಲ್ಲಿ 'ಆಮೆ ಕೊತ್ತ ಊರಿಕಿ ಅಲವಾಟು ಪಡಿಂದಿ'. ಮನುಷ್ಯರ ಜೊತೆ ಹೊಂದಿಕೊಂಡು ಇರೋದಕ್ಕೆ 'ಅಡ್ಜಸ್ಟ್ ವಿತ್' ಅಂತೀವಲ್ಲ, ಅಲ್ಲಿ ಇಂಗ್ಲಿಷಿನವರು 'ಗೆಟ್ ಅಲಾಂಗ್ ವಿತ್' ಅಂತಾರೆ.

ನಾವು ಮಾಡೋ ಕೆಲಸ ಏನು ಗೊತ್ತಾ? 'ಏನನ್ನು' ಮತ್ತು 'ಯಾವುದಕ್ಕೆ' ಎರಡನ್ನೂ ಕಿತ್ತುಹಾಕಿ, ಬರೀ 'ಪ್ಲೀಸ್ ಅಡ್ಜಸ್ಟ್' ಅಂತ ಮೇಲ್ ಕಳಿಸೋದು. ಮೀಟಿಂಗ್ ರಾತ್ರಿ ಹತ್ತಕ್ಕೆ ಹೋಗಿದೆ, ಪ್ಲೀಸ್ ಅಡ್ಜಸ್ಟ್. ಹೊರದೇಶದ ಸಹೋದ್ಯೋಗಿ ಇದನ್ನು ಓದಿದರೆ ಗಡಿಯಾರವನ್ನೋ, ಕ್ಯಾಲೆಂಡರನ್ನೋ ಅಂತ ಯೋಚಿಸ್ತಾರೆ. 'ಕುಡ್ ಯು ಜಾಯಿನ್ ಅಟ್ ಟೆನ್ ಇನ್‌ಸ್ಟೆಡ್?' ಅಂತ ಬರೆದರೆ ಅರ್ಥವೂ ಸ್ಪಷ್ಟ, ಆಗಲ್ಲ ಅನ್ನೋಕೂ ಅವಕಾಶ ಇರುತ್ತೆ.

ಈಗ ತೆಲುಗಿನ 'ಸರ್ದು' ನೋಡಿ. 'ಬಟ್ಟಲು ಸರ್ದು' ಅಂದರೆ ಬಟ್ಟೆಗಳನ್ನು ಜೋಡಿಸಿಡು (ನಮ್ಮ ಬಟ್ಟಲಲ್ಲ, ಗಾಬರಿ ಬೇಡ). 'ಒಕ ಐದು ವೇಲು ಸರ್ದು' ಅಂದರೆ ಒಂದೈದು ಸಾವಿರ ಹೊಂದಿಸಿಕೊಡು. ಇದಕ್ಕೆ 'ಕೋ' ಸೇರಿದರೆ 'ಸರ್ದುಕೋ', 'ಪೋ' ಸೇರಿದರೆ 'ಸರ್ದುಕುಪೋ'. ನಮ್ಮ ಹೊಂದಿಸು, ಹೊಂದಿಕೋ, ಹೊಂದಿಕೊಂಡು ಹೋಗು ಇದ್ದ ಹಾಗೇ, ಮೆಟ್ಟಿಲು ಮೆಟ್ಟಿಲಿಗೂ ಜೋಡಿ. ಮೊದಲ ಮೆಟ್ಟಿಲಲ್ಲಿ ನಾವು ವಸ್ತುವನ್ನು ಬದಲಾಯಿಸ್ತೀವಿ. ಎರಡನೆಯದರಲ್ಲಿ ನಮ್ಮನ್ನೇ ಬದಲಾಯಿಸಿಕೊಳ್ತೀವಿ. ಮೂರನೆಯದರಲ್ಲಿ ಬದಲಾಯಿಸಿಕೊಂಡು, ಸುಮ್ಮನೆ ಮುಂದೆ ಹೋಗ್ತೀವಿ. ನಾಮಪದ 'ಸರ್ದುಬಾಟು'. ಕರೆಂಟ್ ಬಿಲ್ಲಿನ ಸುದ್ದಿ ಬರೆಯುವಾಗ ತೆಲುಗು ಪತ್ರಿಕೆಗಳು 'ಇಂಧನ ಸರ್ದುಬಾಟು ಛಾರ್ಜೀಲು' ಅನ್ನುತ್ತವೆ, ನಮ್ಮವು 'ಇಂಧನ ಹೊಂದಾಣಿಕೆ ಶುಲ್ಕ' ಅನ್ನುತ್ತವೆ. ಹೊಂದಾಣಿಕೆ ಇಂಧನದ್ದು, ದುಡ್ಡು ಮಾತ್ರ ನಮ್ಮದು.

ತಮಾಷೆ ಇಲ್ಲಿಗೆ ಸಾಕು. ಮದುವೆ ಮಾತುಕತೆಯಲ್ಲಿ ಈ ಪದ ಬಂದಾಗ ನನಗೆ ನಗು ಬರಲ್ಲ. 'ಹುಡುಗಿ ಅಡ್ಜಸ್ಟ್ ಆಗೋ ಸ್ವಭಾವದವಳಾ?' ಅನ್ನೋ ಪ್ರಶ್ನೆಯನ್ನು ನನ್ನ ವಯಸ್ಸಿನ ಎಷ್ಟೋ ಹುಡುಗಿಯರು ಕೇಳಿಸಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿ 'ಅಡ್ಜಸ್ಟಬಲ್' ಅನ್ನೋದು ಕುರ್ಚಿಗೆ, ಸ್ಪ್ಯಾನರಿಗೆ, ಹೆಲ್ಮೆಟ್ ಪಟ್ಟಿಗೆ ಹೇಳೋ ಮಾತು. ಮನುಷ್ಯರಿಗೆ 'ವೆಲ್ ಅಡ್ಜಸ್ಟೆಡ್' ಅಂದರೆ ಮನಸ್ಸು ನೆಮ್ಮದಿಯಾಗಿ, ಸಮತೋಲನದಲ್ಲಿದೆ ಅಂತ ಅರ್ಥ. ಹೇಳಿದ್ದಕ್ಕೆಲ್ಲ ಹೂಂ ಅಂತಾಳೆ ಅಂತಲ್ಲ. ಊಟದ ಹೊತ್ತಿನಲ್ಲಿ ಪಕ್ಕದ ಸಹೋದ್ಯೋಗಿಯ ಫೋನಿನಿಂದ 'ಸರ್ದುಕುಪೋ ಅಮ್ಮಾ' ಅನ್ನೋ ದನಿ ಕೇಳಿದಾಗ, ತೆಲುಗು ಬಾರದ ನಮಗೂ ಅದರ ಅನುವಾದ ಬೇಕಾಗಲಿಲ್ಲ. ಯಾವುದಕ್ಕೆ, ಎಷ್ಟು ದಿನಕ್ಕೆ, ಆ ಕಡೆಯವರೂ ಸರಿಯುತ್ತಾರಾ ಅನ್ನೋದು ಆ ಒಂದು ಪದದಲ್ಲಿ ಇಲ್ಲವೇ ಇಲ್ಲ.

ಇದಕ್ಕೊಂದು ಪರಿಹಾರ ತೆಲುಗಿನ ವ್ಯಾಕರಣದಲ್ಲೇ ಇದೆ. ಅವರಿಗೆ 'ನಾವು' ಎರಡು. 'ಮೇಮು' ಅಂದರೆ ನಿಮ್ಮನ್ನು ಬಿಟ್ಟು ನಾವು. 'ಮನಂ' ಅಂದರೆ ನೀವೂ ಸೇರಿ ನಾವು. ಕನ್ನಡದ ಒಂದೇ 'ನಾವು' ಈ ವ್ಯತ್ಯಾಸ ಮಾಡಲ್ಲ. 'ಮೇಮು ಸರ್ದುಕುಂಟಾಂ' ಅಂದರೆ ನಾವು ಹೊಂದಿಕೊಳ್ತೀವಿ, ನೀವು ಹಾಯಾಗಿರಿ. 'ಮನಂ ಸರ್ದುಕುಂದಾಂ' ಅಂದರೆ ನೀವೂ ನಾವೂ ಸೇರಿ ಹೊಂದಿಕೊಳ್ಳೋಣ. ಸೀಟಿನಲ್ಲಿ ಆ ಕಡೆಯವರು ಎರಡು ಇಂಚು, ಈ ಕಡೆಯವರು ಎರಡು ಇಂಚು.

ಮುಂದಿನ ಸಲ ಯಾರಾದರೂ 'ಅಡ್ಜಸ್ಟ್ ಮಾಡ್ಕೋ' ಅಂದರೆ ಜಗಳ ಆಡಬೇಡಿ. ಮೇಮೂನಾ, ಮನಮ್ಮಾ ಅಂತ ಕೇಳಿ ನೋಡಿ. ಮನೆಯಲ್ಲಿ ಈ ಪದ ಯಾರಿಗೆ ಹೆಚ್ಚು ಸಲ ಹೇಳ್ತೀವಿ ಅನ್ನೋದನ್ನೂ ಒಂದು ವಾರ ಗಮನಿಸಿ. ಉತ್ತರ ನಮಗೆ ಬರೆದು ಕಳಿಸಿ.