ಪಾರುಪತ್ಯದ ಲೆಕ್ಕ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್‌ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಮರುದಿನ ಭಾನುವಾರ. ಟಿ.ಬಿ. ಡ್ಯಾಂನಲ್ಲಿ ನೆಲೆಸಿರುವ ನಾನು ಅಂದಿನ ಆರಾಧನೆಯಲ್ಲಿ ಮೂರು ರಾಜ್ಯಗಳ ರೈತರಿಗಾಗಿ ಪ್ರಾರ್ಥಿಸಿದೆ. ಪ್ರಾರ್ಥನೆ ಮುಗಿದರೂ ಮನಸ್ಸು ಹಗುರಾಗಲಿಲ್ಲ.

ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಯಜಮಾನನೊಬ್ಬ ತನ್ನ ಪಾರುಪತ್ಯಗಾರನಿಂದ ಲೆಕ್ಕ ಕೇಳುತ್ತಾನೆ. ಆ ಪಾರುಪತ್ಯಗಾರನನ್ನು ಸೂಚಿಸುವ ಗ್ರೀಕ್ ಪದಕ್ಕೂ ನಾನು ಓದಿದ ‘ಎಕನಾಮಿಕ್ಸ್’ಗೂ ಮೂಲವೊಂದೇ: ಮನೆಯ ನಿರ್ವಹಣೆ. ಸೇವಾವಧಿಯಲ್ಲಿ ನಾನು ಲಂಚ ಮುಟ್ಟಲಿಲ್ಲ. ಆದರೆ ದುರಸ್ತಿಗೆ ಹಣ ಕೋರಿದ ಕಡತಗಳನ್ನು ‘ಮುಂದಿನ ವರ್ಷ ಪರಿಶೀಲಿಸಬಹುದು’ ಎಂದು ಬರೆದು ಹಿಂತಿರುಗಿಸಿದ್ದುಂಟು. ಅದನ್ನು ಮಿತವ್ಯಯವೆಂದೇ ಭಾವಿಸಿದ್ದೆ. ಕೈ ಶುದ್ಧವಾಗಿದ್ದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗದು.

ಒಂದು ವಾರದೊಳಗೆ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ಕನ್ನಡದಲ್ಲಿ ಸಭಾಪಾಲಕರದೂ ‘ಸೇವೆ’, ಸರ್ಕಾರಿ ನೌಕರರದೂ ‘ಸೇವೆ’. ಹಳೆಯ ಸರಪಳಿಯನ್ನು ಸಕಾಲದಲ್ಲಿ ಪರೀಕ್ಷಿಸುವುದೂ ಆರಾಧನೆಯೇ ಎಂಬುದನ್ನು ನಾನು ನಿವೃತ್ತಿಯ ನಂತರ ಅರಿತೆ. ಅಧಿಕಾರದಲ್ಲಿರುವವರು ಅಷ್ಟು ತಡಮಾಡಬೇಕಿಲ್ಲ. ಆಯವ್ಯಯದಲ್ಲಿ ನಿರ್ವಹಣೆಯ ಅನುದಾನಕ್ಕೇ ಮೊದಲು ಕತ್ತರಿ ಹಾಕುವ ರೂಢಿ ನಿಲ್ಲಲಿ.